ಕೆಮ್ಮಣ್ಣಿನ ಪಾಠಶಾಲೆ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೊರಟ ಹೆದ್ದಾರಿ ಹೆಬ್ಬಾಳದ ಕೆರೆಯನ್ನು ಹಿಂದೆ ಬಿಟ್ಟ ಮೇಲೆ ಅಕ್ಕಪಕ್ಕ ನೋಡದೆ ಓಡುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾದಂದಿನಿಂದ ಈ ರಸ್ತೆಗೆ ಹಗಲೂ ಒಂದೆ, ಇರುಳೂ ಒಂದೆ. ವಿಮಾನ ಎಲ್ಲಿ ತಪ್ಪಿಹೋಗುವುದೋ ಎಂದು ಗಡಿಯಾರವನ್ನೇ ದಿಟ್ಟಿಸುತ್ತ ಕುಳಿತ ಪ್ರಯಾಣಿಕನಿಗೆ ಯಲಹಂಕಕ್ಕೆ ಮೊದಲು ಸಿಗುವ ಒಂದು ಹೆಬ್ಬಾಗಿಲಾಗಲಿ, ಅದರ ಹಿಂದೆ ದಟ್ಟವಾಗಿ ನಿಂತ ಮರಗಳಾಗಲಿ ಕಣ್ಣಿಗೆ ಬೀಳುವುದು ಅಪರೂಪ. ಬಿದ್ದರೂ ಯಾರದೋ ದೊಡ್ಡ ತೋಟವಿರಬೇಕೆಂದುಕೊಂಡು ಆತ ಮುಂದೆ ಸಾಗಿಬಿಡುತ್ತಾನೆ. ಆ ಬಾಗಿಲಿನ ಒಳಗೆ ಸುಮಾರು 1,300 ಎಕರೆ ನೆಲ ಹರಡಿಕೊಂಡಿದೆ. ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂದು ಅದರ ಪೂರ್ಣ ಹೆಸರು; ಊರ ಜನರ ಬಾಯಲ್ಲಿ ಬರಿಯ ಜಿ.ಕೆ.ವಿ.ಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಖ್ಯ ನೆಲೆ ಇದು.

ನವೆಂಬರ್ ತಿಂಗಳ ಕೃಷಿಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುವ ಸಂಸಾರಗಳು ನಗರದಲ್ಲಿ ಸಾಕಷ್ಟಿವೆ. ಎಮ್ಮೆ, ಟ್ರ್ಯಾಕ್ಟರು, ಬಗೆಬಗೆಯ ಅವರೆ, ಮಾರುದ್ದದ ಪಡವಲಕಾಯಿ ಇವುಗಳನ್ನೆಲ್ಲ ನೋಡಿ, ಒಂದೆರಡು ಸಸಿಗಳನ್ನು ಕೊಂಡು, ಜನಜಂಗುಳಿಯಲ್ಲಿ ದಣಿದು ಅವರು ಮನೆಗೆ ಮರಳುತ್ತಾರೆ. ಅವರ ಕಾಲ ಕೆಳಗಿದ್ದ ಕೆಮ್ಮಣ್ಣನ್ನು ನೋಡಿದವರು ಕಡಿಮೆ. ಮನೆ ಸೇರಿದ ಮೇಲೆ ಚಪ್ಪಲಿಗೆ ಹತ್ತಿದ ಆ ಕೆಂಪನ್ನು ತೊಳೆಯುವಾಗ ಮಾತ್ರ ಅದು ನೆನಪಾಗುವುದುಂಟು. ಆದರೆ ವರ್ಷದ ಉಳಿದ ದಿನಗಳಲ್ಲಿ ಇಲ್ಲಿ ನೂರಾರು ಹುಡುಗ ಹುಡುಗಿಯರು ಪುಸ್ತಕದಂತೆ ಓದುವುದು ಆ ಮಣ್ಣನ್ನೇ.

ಈ ಓದಿನ ಇತಿಹಾಸ ಹೆಬ್ಬಾಳದಲ್ಲಿ ಮೊದಲಾಗುತ್ತದೆ. 1899ರಲ್ಲಿ, ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಅಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಷೇತ್ರಕ್ಕಾಗಿ ಕೊಟ್ಟರು. ಸಂಸ್ಥಾನದ ಕೃಷಿ ರಸಾಯನಶಾಸ್ತ್ರಜ್ಞರಾಗಿದ್ದ ಡಾಕ್ಟರ್ ಲೇಮನ್, ಅವರ ತರುವಾಯ ಕೆನಡಾದಿಂದ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್, ಈ ನೆಲಕ್ಕೆ ವಿಜ್ಞಾನದ ಕಣ್ಣು ಕೊಟ್ಟವರು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಸಿಂಪಡಿಸಲು ಮಲೆನಾಡಿಗೆ ಕಲಿಸಿದ ಕೋಲ್ಮನ್ನರನ್ನು ಅಡಕೆಯ ಬೆಳೆಗಾರರು ಇಂದಿಗೂ ಮರೆತಿಲ್ಲ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1946ರಲ್ಲಿ ಪದವಿ ಕಾಲೇಜು. 1964ರಲ್ಲಿ ಅಮೆರಿಕೆಯ ಭೂದಾನ ಕಾಲೇಜುಗಳ ಮಾದರಿಯಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ. ಡಾಕ್ಟರ್ ಕೆ. ಸಿ. ನಾಯ್ಕ್ ಅದರ ಮೊದಲ ಕುಲಪತಿಗಳು. ಬೆಳೆಯುತ್ತಿದ್ದ ಸಂಸ್ಥೆಗೆ ಹೆಬ್ಬಾಳ ಸಾಲದಾಯಿತು. ಆಗ ಯಲಹಂಕದ ದಾರಿಯ ಈ ವಿಶಾಲ ನೆಲ ಅದರ ಪಾಲಿಗೆ ಬಂತು. ಅಂದು ಇದು ನಗರದ ಹೊರಗಿನ ಹೊಲ. ಇಂದು ನಗರ ಅದರ ನಾಲ್ಕು ದಿಕ್ಕಿಗೂ ಬಂದು ನಿಂತಿದೆ.

ಕೃಷಿಯ ಪದವಿಗೆ ನಾಲ್ಕು ವರ್ಷ. ಸೇರಲು ಬರುವವರು ಎರಡು ಬಗೆ. ರೈತರ ಮಕ್ಕಳಿಗೆ ಮೀಸಲಾದ ಸ್ಥಾನಗಳುಂಟು. ಅವುಗಳಿಗಾಗಿ ಒಂದು ವಿಚಿತ್ರವಾದ ಪರೀಕ್ಷೆಯೂ ಉಂಟು. ಕಾಳು, ಸಸಿ, ಗೊಬ್ಬರ, ಉಪಕರಣ ಮೊದಲಾದುವನ್ನು ಮುಂದಿಟ್ಟು ಇದೇನು, ಅದೇನು ಎಂದು ಕೇಳುತ್ತಾರೆ. ಹೊಲದಲ್ಲಿ ಓಡಾಡಿದ ಹುಡುಗನಿಗೆ ಇದು ಆಟ. ಜಮೀನಿನ ಪಹಣಿ ಮಾತ್ರ ಇದ್ದು ಹೊಲದ ದಾರಿ ತಿಳಿಯದವನಿಗೆ ಹುರುಳಿಗೂ ತೊಗರಿಗೂ ಅಂತರ ಗೊತ್ತಾಗದೆ ಬೆವರು ಬರುವುದುಂಟು. ಎರಡನೆಯ ಬಗೆಯವರು ನಗರದ ಮಕ್ಕಳು. ಮೂರನೆಯ ಅಂತಸ್ತಿನ ಮನೆಯಲ್ಲಿ ಬೆಳೆದು, ತುಳಸಿಯ ಕುಂಡದಲ್ಲಿ ಹೊರತು ಬೇರೆಲ್ಲೂ ಮಣ್ಣು ಮುಟ್ಟದೆ ಬಂದವರು. ಹುಡುಗಿಯರ ಸಂಖ್ಯೆ ಗಣನೀಯವಾಗಿ ಹೆಚ್ಚಿದೆ. ಬೇಸಾಯದ ಕೆಲಸದಲ್ಲಿ ಹೆಂಗಸಿನ ಪಾಲು ಎಂದಿಗೂ ದೊಡ್ಡದೇ ಆಗಿತ್ತಾದ್ದರಿಂದ ಇದರಲ್ಲಿ ಆಶ್ಚರ್ಯಪಡಬೇಕಾದದ್ದೇನೂ ಇಲ್ಲ. ಇಷ್ಟು ತಡವಾದದ್ದೇ ಆಶ್ಚರ್ಯ.

ಮಣ್ಣುವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು ನಡೆಯುವುದು ಗುಂಡಿಯಲ್ಲಿ. ಆಳುದ್ದ ಅಗೆದ ಗುಂಡಿ. ಒಂದು ಪಕ್ಕ ಕತ್ತರಿಸಿದಂತೆ ನೆಟ್ಟಗೆ, ಬಿಸಿಲು ಅದರ ಮೇಲೆ ನೇರವಾಗಿ ಬೀಳಬೇಕು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಳಗಿಳಿಯುತ್ತಾರೆ. ಮೇಲಿನಿಂದ ನೋಡಿದಾಗ ಒಂದೇ ಕೆಂಪಾಗಿ ಕಂಡ ಗೋಡೆ ಹತ್ತಿರದಿಂದ ಹಾಗೆ ಕಾಣುವುದಿಲ್ಲ. ಮೇಲೆ ಗೇಣುದ್ದ ತುಸು ಕಂದು ಬೆರೆತ, ಬೇರುಗಳು ಹೆಣೆದುಕೊಂಡ, ಮರಳು ಮರಳಾದ ಪದರ. ಅದರ ಕೆಳಗೆ ಕೆಂಪು ದಟ್ಟವಾಗಿ, ಮಣ್ಣು ಬಿಗಿಯಾಗಿ, ಜೇಡಿ ಹೆಚ್ಚುತ್ತದೆ. ಸಾವಿರಾರು ವರ್ಷಗಳ ಮಳೆ ಮೇಲ್ಪದರದ ನುಣ್ಣನೆಯ ಜೇಡಿಯನ್ನು ಸ್ವಲ್ಪಸ್ವಲ್ಪವಾಗಿ ಕೆಳಕ್ಕೆ ಸಾಗಿಸಿದ ಗುರುತು ಅದು. ಹೆಂಟೆಯೊಂದನ್ನು ಒಡೆದು ನೋಡಿದರೆ ಮೈಮೇಲೆ ಮೇಣ ಸವರಿದಂಥ ಹೊಳಪು ಕಾಣುತ್ತದೆ. ಇನ್ನೂ ಕೆಳಗೆ ಬೆಣಚುಕಲ್ಲಿನ ಚೂರು, ಮಿನುಗುವ ಕಾಗೆಬಂಗಾರ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಬಂಡೆ. ಕೊಳೆತ ಬಂಡೆಯೆಂದರೆ ನಗುವ ವಿದ್ಯಾರ್ಥಿಗಳು ಅದನ್ನು ಬೆರಳಲ್ಲಿ ಮುರಿದ ಮೇಲೆ ನಗುವುದಿಲ್ಲ.

ಆ ಬಂಡೆ ಬೆಂಗಳೂರಿನವರಿಗೆ ಹೊಸತಲ್ಲ. ಲಾಲ್‌ಬಾಗಿನಲ್ಲಿ ಸಂಜೆ ಮಕ್ಕಳು ಹತ್ತಿ ಜಾರಿ ಆಡುವ ಗುಡ್ಡವೂ ಅದೇ ನೈಸ್ ಶಿಲೆಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆ ಶಿಲೆ ಬಿಸಿಲಿಗೆ ಬಿರಿದು, ಮಳೆಗೆ ನೆನೆದು, ಬೇರುಗಳ ಹುಳಿಗೆ ಕರಗಿ, ಕಬ್ಬಿಣದ ಅಂಶ ತುಕ್ಕು ಹಿಡಿದು ಆದದ್ದು ಈ ಕೆಮ್ಮಣ್ಣು. ಒಂದು ಅಂಗುಲ ಮಣ್ಣಾಗಲು ಶತಮಾನಗಳೇ ಬೇಕು. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಮನೆಯ ಪಾಯ ತೋಡಿದರೂ ಇದೇ ಬಗೆಯ ಗೋಡೆ ಒಂದೆರಡು ದಿನ ಕಾಣಿಸುತ್ತದೆ. ಆಮೇಲೆ ಲಾರಿ ಬಂದು, ಮೇಲಿನದು ಕೆಳಗಿನದೆಂಬ ಭೇದವಿಲ್ಲದೆ ಎಲ್ಲವನ್ನೂ ತುಂಬಿಕೊಂಡು ಹೋಗಿ ಯಾವುದೋ ಹಳ್ಳಕ್ಕೆ ಸುರಿಯುತ್ತದೆ. ಕಬ್ಬಿಣದ ಬೆಲೆ, ಸಿಮೆಂಟಿನ ಬೆಲೆ ಮನೆ ಕಟ್ಟಿಸುವವರಿಗೆ ಪೈಸೆ ಸಹಿತ ಗೊತ್ತು. ತೆಗೆದು ಎಸೆದದ್ದಕ್ಕೆ ಬೆಲೆಯನ್ನು ಯಾರೂ ಕೇಳುವುದಿಲ್ಲ. ರಾಗಿ ಬೆಳೆದು ತಲೆಮಾರುಗಳನ್ನು ಸಾಕಿದ ಆ ಗೇಣುದ್ದದ ಮೇಲ್ಮಣ್ಣು ಹೀಗೆ ಹೋದ ಮೇಲೆ, ಅದು ಹೇಗಿತ್ತೆಂಬುದನ್ನು ಪದರ ಪದರವಾಗಿ ಕಾಣಲು ಬೆಂಗಳೂರಿನಲ್ಲಿ ಉಳಿದಿರುವ ಕೆಲವೇ ಸ್ಥಳಗಳಲ್ಲಿ ಇದೊಂದು.

ಈ ಮಣ್ಣಿಗೆ ವಿಜ್ಞಾನಿಗಳು ಕೊಟ್ಟ ಹೆಸರು ವಿಜಯಪುರ ಶ್ರೇಣಿ. ಮಣ್ಣಿನ ಶ್ರೇಣಿಗಳಿಗೆ ಅವುಗಳನ್ನು ಮೊದಲು ಗುರುತಿಸಿದ ಊರಿನ ಹೆಸರಿಡುವುದು ವಾಡಿಕೆ. ಇದು ಉತ್ತರದ ಗೋಳಗುಮ್ಮಟದ ವಿಜಯಪುರವಲ್ಲ, ದೇವನಹಳ್ಳಿಯ ಹತ್ತಿರದ ವಿಜಯಪುರ. ರೈತ ಮಾತ್ರ ತನ್ನ ಹಳೆಯ ಹೆಸರುಗಳನ್ನು ಬಿಟ್ಟಿಲ್ಲ. ಕೆಬ್ಬೆ, ಎರೆ, ಮಸಾರಿ, ಗರಸು, ಜೇಡಿ, ಕರಲು, ಮೆಕ್ಕಲು ಎಂದು ಅವನ ನಾಲಗೆಯ ಮೇಲಿರುವ ಈ ಪದಗಳಲ್ಲಿ ಬಣ್ಣ, ಕಣ, ನೀರು, ಫಲ ಎಲ್ಲವೂ ಅಡಗಿವೆ. ಪ್ರಶ್ನೆಪತ್ರಿಕೆಯಲ್ಲಿ ಈ ಪದಗಳಿಗೆ ಅಂಕವಿಲ್ಲದಿರುವುದು ಶೋಚನೀಯ.

ಬಣ್ಣವನ್ನು ಹೇಳುವುದಕ್ಕೆ ಒಂದು ಪುಸ್ತಕವಿದೆ. ಬಣ್ಣದ ಅಂಗಡಿಯವನು ಗೋಡೆಯ ಬಣ್ಣ ಆರಿಸಲು ಕೊಡುವ ಚೀಟಿಗಳ ಕಟ್ಟಿನಂತಿರುವ ಅದನ್ನು ಮನ್ಸೆಲ್ ಪಟ್ಟಿ ಎನ್ನುತ್ತಾರೆ. ಆಲ್ಬರ್ಟ್ ಮನ್ಸೆಲ್ ಎಂಬ ಅಮೆರಿಕದ ಚಿತ್ರಕಲೆಯ ಅಧ್ಯಾಪಕ ಬಣ್ಣಗಳಿಗೆ ಲೆಕ್ಕ ಕಟ್ಟಲು ಮಾಡಿದ್ದನ್ನು ಮುಂದೆ ಮಣ್ಣಿನವರು ಎರವಲು ಪಡೆದರು. ಒಂದು ಚಿಟಿಕೆ ಒದ್ದೆ ಮಣ್ಣನ್ನು ಪುಟದ ಕಿಂಡಿಯ ಹಿಂದೆ ಹಿಡಿದು, ಯಾವ ಚೌಕಕ್ಕೆ ಹೊಂದುವುದೆಂದು ನೋಡಬೇಕು. ಒಬ್ಬನಿಗೆ ಇಟ್ಟಿಗೆಯ ಕೆಂಪಾಗಿ ಕಂಡದ್ದು ಇನ್ನೊಬ್ಬಳಿಗೆ ಕುಂಕುಮದ ಕೆಂಪು. ವಾದ ಸ್ವಲ್ಪ ಹೊತ್ತು ನಡೆಯುತ್ತದೆ. ಕೊನೆಗೆ ಇಬ್ಬರೂ ಒಂದು ಸಂಖ್ಯೆಗೆ ಒಪ್ಪುತ್ತಾರೆ.

ಬಣ್ಣಕ್ಕಿಂತಲೂ ಕಷ್ಟವಾದದ್ದು ಬೆರಳಿನ ಪರೀಕ್ಷೆ. ಹಿಡಿ ಮಣ್ಣಿಗೆ ಹನಿಹನಿಯಾಗಿ ನೀರು ಹಾಕಿ, ಚಪಾತಿಯ ಹಿಟ್ಟಿನಂತೆ ನಾದಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಾಗಿ ಹೊರಡಿಸಬೇಕು. ಒಂದು ಅಂಗುಲವಾಗುವ ಮೊದಲೇ ಮುರಿದರೆ ಮರಳುಗೋಡು ಹೆಚ್ಚು, ಎರಡು ಅಂಗುಲ ದಾಟಿಯೂ ನಿಂತರೆ ಜೇಡಿ. ಅಡಿಗೆಮನೆಯಲ್ಲಿ ತಾಯಿಗೆ ನೆರವಾದ ಮಕ್ಕಳಿಗೆ ಈ ಪಾಠ ಬೇಗ ಹತ್ತುತ್ತದೆಂದು ಅಧ್ಯಾಪಕರು ಹೇಳುವುದುಂಟು. ಆದರೆ ಹಿಟ್ಟಿನ ಹದ ಬೇರೆ, ಹೊಲದ ಹದ ಬೇರೆ. ಮಳೆ ಬಿದ್ದ ಮಾರನೆಯ ದಿನ ತಮ್ಮ ಪಾಲಿನ ತಾಕಿಗೆ ಗುದ್ದಲಿ ಹಿಡಿದು ಓಡಿದ ಹುಡುಗಿಯರನ್ನು ಕಂಡು, ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸು, “ಇನ್ನೂ ಹದ ಬಂದಿಲ್ಲ ಕಣವ್ವ, ಈಗ ಕೆದಕಿದ್ರೆ ಕಲ್ಲಾಗ್ತದೆ,” ಎಂದು ನಿಲ್ಲಿಸಿಯಾಳು. ಹದ ಬಂದದ್ದು ತಿಳಿಯುವುದು ಹೇಗೆಂದು ಕೇಳಿದರೆ ಆಕೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಕೆಳಕ್ಕೆ ಬಿಡುತ್ತಾಳೆ. ಉಂಡೆ ಚಪ್ಪಟೆಯಾಗದೆ ಪುಡಿಯಾಗಿ ಒಡೆದರೆ ಹದ. ಅದೇ ವಾರ ತರಗತಿಯಲ್ಲಿ ಆ ಮಾತು ಮಣ್ಣಿನ ತೇವಾಂಶದ ಮಿತಿಗಳೆಂಬ ಅಧ್ಯಾಯವಾಗಿ, ಶೇಕಡಾವಾರು ಅಂಕಿಗಳೊಂದಿಗೆ ಬರುತ್ತದೆ.

ಕೆಮ್ಮಣ್ಣು ನೀರನ್ನು ಬಹುಕಾಲ ಹಿಡಿದಿಡಲಾರದು. ಬಿರುಮಳೆ ಬಿದ್ದು ಬಿಸಿಲು ಕಾದರೆ ಅದರ ಮೇಲೆ ಹಪ್ಪಳದಂತೆ ಹೆಪ್ಪು ಕಟ್ಟುತ್ತದೆ. ಮೊಳೆತ ರಾಗಿ ಅದನ್ನು ಒಡೆದು ತಲೆಯೆತ್ತಲಾರದೆ ಒಳಗೇ ಸಾಯುವುದೂ ಉಂಟು. ಆದ್ದರಿಂದಲೇ ಕುಂಟೆಯ ಕೆಲಸಕ್ಕೆ ಇಲ್ಲಿ ಅಷ್ಟು ಮಹತ್ವ. ಬೇಸಾಯಶಾಸ್ತ್ರದವರು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿರೆಂದು ಹೇಳುವುದೂ ಈ ಮಣ್ಣನ್ನೂ ಮಳೆಯನ್ನೂ ಬಲ್ಲುದರಿಂದ: ರಾಗಿ ಕೈಕೊಟ್ಟ ವರ್ಷ, ಆಳಕ್ಕೆ ಬೇರಿಳಿಸಿದ ತೊಗರಿ ಸಂಸಾರವನ್ನು ಕಾಯುತ್ತದೆ. ಅಕ್ಕಡಿಯ ಸಾಲೆಂದು ರೈತ ಮಾಡುತ್ತಲೇ ಇದ್ದುದಕ್ಕೆ ಪ್ರಯೋಗದಿಂದ ಬಂದ ಅಳತೆ ಅದು.

ಇಲ್ಲಿ ಪದವಿ ಮುಗಿಸಿ ಮುಂದಿನ ಓದಿಗೆ ಧಾರವಾಡಕ್ಕೆ ಹೋದ ವಿದ್ಯಾರ್ಥಿ ಮೊದಲ ಬೇಸಗೆಯಲ್ಲಿ ಬೆರಗಾಗುತ್ತಾನೆ. ಅಲ್ಲಿಯ ಕೃಷಿ ಕಾಲೇಜು 1947ರಲ್ಲಿ ಆರಂಭವಾದದ್ದು. ಅದರ ಸುತ್ತಿನ ಸೀಮೆಯಲ್ಲಿ ಎರೆಯ ನೆಲ. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಾಲನ್ನು ಹಿಡಿದೆಳೆಯುತ್ತದೆ. ಬೆಂಗಳೂರಿನ ಜೇಡಿ ಕಯೋಲಿನೈಟ್ ಜಾತಿಯದು, ನೀರು ಕುಡಿದರೂ ಹಿಗ್ಗದು. ಎರೆಯ ಜೇಡಿಯ ಹಾಳೆಗಳ ನಡುವೆ ನೀರು ಹೊಕ್ಕು ಅವನ್ನು ದೂರ ಸರಿಸುತ್ತದೆ. ಆ ನೀರಿನ ಬಲದಿಂದಲೇ ಉತ್ತರ ಕರ್ನಾಟಕದ ಹಿಂಗಾರಿ ಜೋಳ, ಮಳೆ ನಿಂತ ಮೇಲೆಯೂ, ನೆಲದಲ್ಲಿ ಉಳಿದ ತೇವವನ್ನು ಹೀರಿ ತೆನೆಗಟ್ಟುವುದು. ಮುದ್ದೆಯ ನಾಡು, ರೊಟ್ಟಿಯ ನಾಡು ಎಂದು ಜನ ತಮಾಷೆಗೆ ಹೇಳುವ ಭೇದದ ಬೇರು ಈ ಎರಡು ಜೇಡಿಗಳ ಭೇದದಲ್ಲಿಯೂ ಇದೆ.

ಮರಳಿ ಜಿ.ಕೆ.ವಿ.ಕೆ.ಯ ಪ್ರಯೋಗಶಾಲೆಗೆ ಬರೋಣ. ಒಂದು ಎಕರೆಯ ಮೇಲಿನ ಆರಂಗುಲ ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋಗ್ರಾಂ. ರೈತ ಪರೀಕ್ಷೆಗೆ ತರುವುದು ಅರ್ಧ ಕಿಲೋಗ್ರಾಂ. ಅದರಲ್ಲಿ ಸಾವಯವ ಇಂಗಾಲದ ಪರೀಕ್ಷೆಗೆ ತೂಗುವುದು ಒಂದು ಗ್ರಾಂ. ಆ ಒಂದು ಗ್ರಾಂ ಒಂಬತ್ತು ಲಕ್ಷ ಕಿಲೋಗ್ರಾಂಗಳ ಪರವಾಗಿ ಸಾಕ್ಷಿ ಹೇಳಬೇಕು. ಆದಕಾರಣ ಮಣ್ಣು ತೆಗೆಯುವ ವಿಧಾನವನ್ನು ಇಲ್ಲಿ ಪೂಜಾವಿಧಿಯಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಾರೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಆರಂಗುಲ ಆಳದ ಕುಳಿ ತೆಗೆಯಬೇಕು. ಬದುವಿನ ಹತ್ತಿರ ಬೇಡ, ಮರದ ನೆರಳಲ್ಲಿ ಬೇಡ, ತಿಪ್ಪೆಯ ಪಕ್ಕದಲ್ಲಂತೂ ಬೇಡವೇ ಬೇಡ. ಎಲ್ಲವನ್ನೂ ಬೆರೆಸಿ, ವೃತ್ತವಾಗಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು, ಅರ್ಧ ಕಿಲೋ ಉಳಿಯುವ ತನಕ ಹೀಗೆಯೇ ಮಾಡಬೇಕು. ನೆರಳಲ್ಲಿ ಒಣಗಿಸಿ, ಮರದ ಕೊಡತಿಯಿಂದ ಕುಟ್ಟಿ, ಜರಡಿ ಹಿಡಿಯಬೇಕು. ಕೊನೆಗೆ ಗಾಜಿನ ನಾಳದ ಮುಂದೆ ಕುಳಿತು, ನೀಲಿ ನೇರಳೆಯಾಗಿದ್ದ ದ್ರವ ಒಂದೇ ಹನಿಗೆ ತಟ್ಟನೆ ಹಸಿರಾಗುವ ಕ್ಷಣವನ್ನು ಕಾಯಬೇಕು. ಒಂದು ಹನಿ ಹೆಚ್ಚಾಯಿತೋ, ಲೆಕ್ಕ ಹಾಳು.

ಬೇಸರ ತರುವ ಕೆಲಸವೆಂದು ಕೆಲವರು ಗೊಣಗುತ್ತಾರೆ. ಆದರೆ 2015ರಲ್ಲಿ ದೇಶದಲ್ಲೆಲ್ಲ ಮಣ್ಣಿನ ಆರೋಗ್ಯ ಚೀಟಿಯ ಯೋಜನೆ ಬಂದ ಮೇಲೆ, ಹನ್ನೆರಡು ಅಂಶಗಳನ್ನು ಅಳೆದು ಬರೆದ ಕಾಗದ ರೈತನ ಮನೆಯ ಗೂಡಿಗೆ ಸೇರುತ್ತಿದೆ. ತಿಪ್ಪೆಯ ಪಕ್ಕದ ಮಣ್ಣು ಚೀಲಕ್ಕೆ ಸೇರಿದ್ದರೆ ಆ ಕಾಗದ ಹೇಳುವುದು ಸುಳ್ಳು. ಆ ಸುಳ್ಳನ್ನು ನಂಬಿ ಗೊಬ್ಬರ ಕೊಂಡವನ ಅಥವಾ ಕೊಳ್ಳದೆ ಬಿಟ್ಟವನ ವರ್ಷವೇ ಹೋಯಿತು. ಇಂಜಿನಿಯರನ ತಪ್ಪು ಕಟ್ಟಡದಲ್ಲಿ ಬಿರುಕಾಗಿ ಕಾಣುತ್ತದೆ. ಇಲ್ಲಿಯ ತಪ್ಪು ಕಾಣುವುದಿಲ್ಲ, ಮಳೆ ಸರಿಯಾಗಿ ಆಗಲಿಲ್ಲವೆಂದು ರೈತ ಸುಮ್ಮನಾಗುತ್ತಾನೆ.

ಈ ಆವರಣದಲ್ಲಿ ನೋಡಲೇಬೇಕಾದ ಸ್ಥಳವೊಂದುಂಟು. ಮೇಳಕ್ಕೆ ಬರುವವರು ಅದರತ್ತ ಸುಳಿಯುವುದು ಕಡಿಮೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಒಂದೇ ಹೊಲಕ್ಕೆ ವರ್ಷ ವರ್ಷವೂ ಒಂದೇ ಗೊಬ್ಬರ ಹಾಕಿ, ಏನಾಗುವುದೆಂದು ನೋಡುವ ಪದ್ಧತಿ ಮೊದಲಾಯಿತು. ಕೊಯಮತ್ತೂರಿನಲ್ಲಿ 1909ರಿಂದ ಅಂಥದು ನಡೆದಿದೆ. ಜಿ.ಕೆ.ವಿ.ಕೆ.ಯ ಕೆಮ್ಮಣ್ಣಿನಲ್ಲಿ ಇದು ಹೂಡಿದ್ದು 1986ರಲ್ಲಿ: ಮುಂಗಾರಿಗೆ ರಾಗಿ, ಆಮೇಲೆ ಮುಸುಕಿನ ಜೋಳ. ಒಂದು ತಾಕಿಗೆ ಸಾರಜನಕ ಮಾತ್ರ, ಒಂದಕ್ಕೆ ಸಾರಜನಕ ರಂಜಕಗಳೆರಡು, ಒಂದಕ್ಕೆ ಪೊಟ್ಯಾಷ್ ಸೇರಿ ಮೂರು, ಇನ್ನೊಂದಕ್ಕೆ ಮೂರರ ಜೊತೆಗೆ ಕೊಟ್ಟಿಗೆ ಗೊಬ್ಬರ, ಮತ್ತೊಂದಕ್ಕೆ ಅದರ ಮೇಲೆ ಸುಣ್ಣ. ಒಂದಕ್ಕೆ ಏನೂ ಇಲ್ಲ. ಅಂದು ಪ್ರಯೋಗ ಹೂಡಿದವರ ಕಾಲ ಮುಗಿದು, ಅವರ ಶಿಷ್ಯರ ಶಿಷ್ಯರು ಈಗ ಅಳೆಯುತ್ತಿದ್ದಾರೆ.

ಸಾರಜನಕವೊಂದನ್ನೇ ಉಂಡ ತಾಕಿನ ಕಥೆ ಎಲ್ಲಕ್ಕಿಂತ ದಾರುಣ. ಯೂರಿಯಾ ಹಾಕಿದರೆ ಪೈರು ಹಸಿರಾಗುತ್ತದೆ, ಇದನ್ನು ಯಾವ ರೈತನೂ ಬಲ್ಲ. ಕೈಗೆ ಎಟಕುವ ಬೆಲೆಯ ಗೊಬ್ಬರವೂ ಅದೇ. ಆದರೆ ಅದು ಮಣ್ಣಿನಲ್ಲಿ ಮಾರ್ಪಡುವಾಗ ಆಮ್ಲವನ್ನು ಬಿಡುತ್ತದೆ. ಮೊದಲೇ ಹುಳಿಯ ಕಡೆಗಿದ್ದ ಕೆಮ್ಮಣ್ಣು ವರ್ಷಕಳೆದಂತೆ ಇನ್ನೂ ಹುಳಿಯಾಯಿತು. ಅಂಥ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಹಿಡಿದುಕೊಂಡು ಗಿಡಕ್ಕೆ ಬಿಡವು. ಇಳುವರಿ ಇಳಿದಿಳಿದು, ಏನೂ ಕಾಣದ ತಾಕಿನ ಮಟ್ಟಕ್ಕೆ ಸಮೀಪಿಸಿತು. ಕೊಟ್ಟಿಗೆ ಗೊಬ್ಬರವನ್ನೂ ಸುಣ್ಣವನ್ನೂ ಕಂಡ ತಾಕು ಮಾತ್ರ ಇಂದಿಗೂ ಎಲ್ಲಕ್ಕಿಂತ ಮುಂದೆ. ಎರಡೂ ಅಕ್ಕಪಕ್ಕದಲ್ಲಿವೆ, ಬಿದ್ದ ಮಳೆ ಒಂದೆ, ಬಿತ್ತಿದ ಬೀಜ ಒಂದೆ. ಹತ್ತು ಉಪನ್ಯಾಸ ಕೇಳಿಯೂ ತಲೆಗೆ ಹೋಗದ ವಿಷಯ ಆ ಬದುವಿನ ಮೇಲೆ ನಿಂತ ವಿದ್ಯಾರ್ಥಿಗೆ ಒಂದೇ ನೋಟದಲ್ಲಿ ಹೋಗುತ್ತದೆ. ಇಂಥ ಪ್ರಯೋಗವನ್ನು ಬೇರೆ ಕಡೆಗೆ ಎತ್ತಿ ಸಾಗಿಸುವಂತಿಲ್ಲ. ಮಣ್ಣಿಗೆ ಕೂಡಿಬಂದ ಆ ವರ್ಷಗಳು ಆ ನೆಲದಲ್ಲೇ ಇವೆ. ಎಕರೆಯ ಬೆಲೆ ಕೋಟಿಗಳಲ್ಲಿರುವ ಊರಿನಲ್ಲಿ, ಏನನ್ನೂ ಹಾಕದೆ ಸೊರಗಿದ ರಾಗಿಯ ಒಂದು ತಾಕನ್ನು ಬೇಕೆಂದೇ ಉಳಿಸಿಕೊಂಡು ಬರುವುದು ಎಂಥ ಕೆಲಸವೆಂಬುದನ್ನು ಓದುಗರೇ ಊಹಿಸಬಹುದು.

ಓದು ಮುಗಿಸಿದವರು ಎಲ್ಲಿಗೆ ಹೋಗುತ್ತಾರೆ? ಬ್ಯಾಂಕಿಗೆ, ಸರ್ಕಾರದ ಇಲಾಖೆಗೆ, ಬೀಜ ಗೊಬ್ಬರದ ಕಂಪೆನಿಗೆ, ಆಡಳಿತ ಸೇವೆಯ ಪರೀಕ್ಷೆಗೆ, ಕೆಲವರು ಹೊರದೇಶಕ್ಕೆ. ಹೊಲಕ್ಕೆ ಮರಳುವವರು ಕೆಲವರೇ. ಇದಕ್ಕಾಗಿ ಮಕ್ಕಳನ್ನು ದೂರುವುದು ಹಿರಿಯರಿಗೆ ಸುಲಭ. ಸಾಲ ಮಾಡಿ ಓದಿಸಿದ ತಂದೆಯೇ, “ನೀನೂ ಈ ಮಣ್ಣಿಗೇ ಬೀಳಬೇಡ ಮಗಾ,” ಎಂದು ಕಳುಹಿಸಿರುತ್ತಾನೆಂಬುದನ್ನು ದೂರುವವರು ಮರೆಯುತ್ತಾರೆ. ಆದರೂ ಸಾಲದ ಅರ್ಜಿಯೊಂದಿಗೆ ಬ್ಯಾಂಕಿನ ಮೇಜಿನ ಮುಂದೆ ನಿಂತ ರೈತನಿಗೆ, ಎರೆಗೂ ಕೆಬ್ಬೆಗೂ ಇರುವ ಭೇದವನ್ನು ಬಲ್ಲ ಅಧಿಕಾರಿ ಸಿಕ್ಕುವುದು ಸಣ್ಣ ಭಾಗ್ಯವಲ್ಲ.

ಕೊನೆಯ ವರ್ಷ ಎಲ್ಲರೂ ಕೆಲವು ತಿಂಗಳು ಹಳ್ಳಿಯಲ್ಲಿ ನೆಲಸಬೇಕು. ಶಾಲೆಯ ಕೊಠಡಿಯಲ್ಲೋ, ಯಾರದೋ ಖಾಲಿ ಮನೆಯಲ್ಲೋ ಬಿಡಾರ. ಬೆಳಗ್ಗೆ ರೈತನ ಹಿಂದೆ ಹೊಲಕ್ಕೆ. ನಗರದ ಹುಡುಗಿಗೆ ಮೊದಲ ವಾರ ನೀರು ಸೇದುವುದೇ ದೊಡ್ಡ ಪಾಠ. ಅಲ್ಲಿ ಅವರು ಮಾಡುವ ಕೆಲಸಗಳಲ್ಲಿ ಒಂದು, ದೇವಸ್ಥಾನದ ಮುಂದಿನ ಬಯಲಲ್ಲಿ ರಂಗೋಲಿಯ ಬಣ್ಣಗಳಿಂದ ಊರಿನ ನಕ್ಷೆ ಬರೆಯುವುದು. ಕೆರೆಗೆ ನೀಲಿ, ಗದ್ದೆಗೆ ಹಸಿರು, ಕೆಬ್ಬೆ ಹೊಲಗಳಿಗೆ ಕೆಂಪು. ಊರೆಲ್ಲ ಸುತ್ತ ನೆರೆಯುತ್ತದೆ; ಹುಡುಗರು ನಕ್ಷೆಯ ಮೇಲೆ ತಮ್ಮ ಮನೆ ಹುಡುಕುತ್ತಾರೆ. ಜಗಲಿಯ ಮೇಲಿಂದ ಬಹಳ ಹೊತ್ತು ನೋಡುತ್ತಿದ್ದ ಮುದುಕನೊಬ್ಬ ಕೋಲೂರಿಕೊಂಡು ಇಳಿದು ಬಂದು, “ಅಲ್ಲ ಕಣ್ ತಾಯಿ, ಕೆರೆ ಹಿಂದ್ಗಡೆ ಎಲ್ಲಾ ಕೆಂಪು ತುಂಬಿದ್ದೀಯಲ್ಲ, ಅಲ್ಲಿ ಎರಡು ಹೊಲ ಕರಲು ಬಿದ್ದು ಎಷ್ಟೋ ಕಾಲ ಆಯ್ತು,” ಎನ್ನುತ್ತಾನೆ. ಹುಡುಗಿ ಅಲ್ಲಿಯ ಕೆಂಪು ಪುಡಿಯನ್ನು ಅಂಗೈಯಿಂದ ಒರಸಿ ಬಿಳಿಯ ಪುಡಿಯ ತಟ್ಟೆಯನ್ನು ಅವನತ್ತ ಚಾಚುತ್ತಾಳೆ. ಮುದುಕ ಕೋಲನ್ನು ಬದಿಗಿಟ್ಟು, ಕುಕ್ಕುರುಗಾಲಿನಲ್ಲಿ ಕುಳಿತು, ಆ ಎರಡು ಹೊಲಗಳ ಎಲ್ಲೆಯನ್ನು ತಾನೇ ಬರೆಯತೊಡಗುತ್ತಾನೆ.